ಕಸುಬು

ಸೊಸೈಟಿ ಗುಮಾಸ್ತ ಕಸುಬು ಕೇಳಲಿಲ್ಲ.
ಮನೆಗೆಲಸ ಅಂತ ಆಗಲೇ ಬರೆದಾಗಿತ್ತು.

ತಿಪ್ಪಕ್ಕನ ಸೀರೆಯಂಚಿನಿಂದ
ಮಾರಿಕಣಿವೆ ನೀರು
ಅವನ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ನಸುಕಿಗೆ ಹರಿಗೋಲು ಇಳಿಸಿದ್ದು ಅವಳು,
ಪಾಲಯ್ಯ ಬಲೆ ಎಳೆಯುವಾಗ
ಅದು ಗಿರಗಿರ ತಿರುಗದಂತೆ
ಹುಟ್ಟು ಒತ್ತಿ ಹಿಡಿದವಳು.
ಆಮೇಲೆ ಹಿರಿಯೂರು, ತಕ್ಕಡಿ, ಚೌಕಾಸಿ;
ರಾತ್ರಿ, ಬಲೆಯ ಹರಿದ ಕಣ್ಣಿಗೆ
ನೈಲಾನು ದಾರ.

ಲೈಸೆನ್ಸು ಪಾಲಯ್ಯನದು.
ಸಬ್ಸಿಡಿಯೂ.

"ಇಲ್ಲಿ ಒತ್ತಮ್ಮ."
ಒತ್ತಿದಳು. ಮಿಷನ್ನು ಕೆಂಪಗೆ ಮಿಣುಕಿತು.
ಸೆರಗಿಗೆ ಒರೆಸಿ ಒತ್ತಿದಳು. ಮತ್ತೆ ಕೆಂಪು.
"ಗೆರೇನೇ ಇಲ್ವಲ್ಲ ನಿನ್ನ ಬೆರಳಲ್ಲಿ!"

"ಬಲೇಲಿ ಅವೆ ಸ್ವಾಮಿ,
ತರ್ಲಾ?"

ತಂದು ಹಾಸಿದಳು: ಮೇಜು, ರಿಜಿಸ್ಟರು,
ಅವನ ಮೊಣಕೈ.
ಪೆನ್ನು ಒಂದು ಕಣ್ಣಿಗೆ ಸಿಕ್ಕಿತು.
ಎಳೆದ, ಇನ್ನೆರಡಕ್ಕೆ ಸಿಕ್ಕಿತು.

"ಎಳೀಬ್ಯಾಡಿ" ಅಂದಳು,
"ಬಿಡ್ಸಾಕೆ ಕಸುಬು ಬೇಕು."