ಎರಡು ದಡ, ಒಂದೇ ನಂಬರು

ಲಿಯೆಪಾಯದಲ್ಲಿ ಜನವರಿ.
ಕಾಲುವೆ ಹೆಪ್ಪುಗಟ್ಟಿದೆ, ಕಾಲೂ:
ಒಂದು ಹಿಮದ ಕೆಳಗೆ, ಇನ್ನೊಂದು ಪ್ಲಾಸ್ಟರಿನೊಳಗೆ.
ಮೆಟ್ಟಿಲಲ್ಲಿ ಜಾರಿ ಇಂದಿಗೆ ಹನ್ನೊಂದು ದಿನ.

ಅಡುಗೆಮನೆಯ ಕಿಟಕಿಗೆ ಎದುರಾಗಿ, ಆಚೆ ದಡದಲ್ಲಿ,
ನನ್ನ ಆಫೀಸು. ಹೊಗೆಮೀನಿನ ಡಬ್ಬಿ ಕಾರ್ಖಾನೆ,
ಎರಡನೇ ಮಹಡಿ, ಎಡದಿಂದ ಮೂರನೇ ಕಿಟಕಿ.
ಕೂಗಳತೆ ದೂರ ಎನ್ನಬಹುದಿತ್ತು,
ಕೂಗಿದರೆ ಓಗೊಡಲು ಅಲ್ಲಿ ಯಾರಾದರೂ ಇದ್ದಿದ್ದರೆ.

ನಾಳೆ ಏಳಕ್ಕೆ ಲಾರಿ ಹೊರಡುತ್ತದೆ.
ಎಂಟುನೂರು ಪೆಟ್ಟಿಗೆಯ ಕಾಗದ ಅದಕ್ಕೂ ಮುಂಚೆ ಹೊರಡಬೇಕು.

ಓಯಾರ್ಸ್ ಫೋನಿನಲ್ಲಿ ಆಕಳಿಸುತ್ತಾ ಹೇಳಿದ:
ಸುರಂಗ ತೋಡೋಣ, ವೆಲ್ಗಾ.
ಹಾರೆ ಬೇಡ, ಒಂದು ಗುಟ್ಟಿನ ಸಾಲು ಸಾಕು.
ನಿನ್ನ ಅಡುಗೆಮನೆಯಿಂದ ರೀಗಾಕ್ಕೆ,
ರೀಗಾದಿಂದ ತಿರುಗಿ ನಿನ್ನದೇ ಮೇಜಿಗೆ.
ಕಾಲುವೆಯೊಂದನ್ನು ದಾಟಲು
ನಾನೂರು ಚಿಲ್ಲರೆ ಕಿಲೋಮೀಟರು.
ಮುರಿದ ಕಾಲಿಗೆ ಇದೇ ಹತ್ತಿರದ ದಾರಿಯಂತೆ.

ಗುಟ್ಟಿನ ಸಾಲು ಬಂತು. ಉದ್ದ,
ಗಾದೆಯಲ್ಲ ಮಂತ್ರವಲ್ಲ, ಬೆಕ್ಕು ಕೀಲಿಮಣೆ ತುಳಿದ ಹಾಗೆ.
ಇದು ಸೊನ್ನೆಯೋ, ಓಯಾರ್ಸ್‌ನ ಓ-ವೋ? ಎಂದೆ.
ಸೊನ್ನೆ, ಎಂದ. ನನ್ನ ಸಂಬಳದಲ್ಲಿ ಕಾಣೆಯಾಗಿದೆಯಲ್ಲ, ಅದು.

ಒತ್ತಿದೆ. ತಿರುಗಿತು, ತಿರುಗಿತು,
ಪುಟ್ಟ ಬೀಗ ಹಸಿರಾಯಿತು.

ಆಫೀಸಿನ ಪ್ರಿಂಟರಿಗೆ ಹೇಳಿದೆ: ಅಚ್ಚು ಹಾಕು.
ನನ್ನ ಬೆನ್ನ ಹಿಂದೆ, ಫ್ರಿಜ್ಜಿನ ತಲೆಯ ಮೇಲೆ,
ಮದಾರಾಳ ಪ್ರಿಂಟರು ನರಳಿ ಎದ್ದು
ಅವಳ ಗುಲಾಬಿ ಹಾಳೆಯ ಮೇಲೆ ಉಗುಳಿತು
ಎಂಟುನೂರು ಪೆಟ್ಟಿಗೆ ಹೊಗೆಮೀನು.

ಓಯಾರ್ಸ್ ಬಹಳ ಹೊತ್ತು ನಕ್ಕ.
ಅಲ್ಲೂ ಅದೇ ನಂಬರು, ಇಲ್ಲೂ ಅದೇ:
ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ಹತ್ತು.
ಹತ್ತನ್ನು ಕರೆದರೆ
ಹತ್ತಿರದ ಹತ್ತೇ ತಾನೇ ಓಗೊಡುವುದು?
ಯಾರಾದರೊಬ್ಬರು ಬದಲಾಗಬೇಕು.
ಆಫೀಸು ಆಗುವುದಿಲ್ಲ.

ಗೊತ್ತು.
ಆಫೀಸು ಎಂದಾದರೂ ಬದಲಾಗಿದೆಯೇ.
ನಾನೋ, ಮದುವೆಗೊಮ್ಮೆ ಹೆಸರು ಬಿಟ್ಟವಳು,
ಕೋರ್ಟಿಗೆ ಹೋಗಿ ಅದನ್ನೇ ಮತ್ತೆ ಉಟ್ಟವಳು.
ಈ ಬೀದಿಗೂ ಅಜ್ಜಿಯ ಕಾಲಕ್ಕೊಂದು ಹೆಸರು,
ಅಮ್ಮನ ಕಾಲಕ್ಕೊಂದು, ನನಗೆ ಇನ್ನೊಂದು;
ಫಲಕ ಬದಲಾದಾಗೆಲ್ಲ ಲಿಂಡನ್ ಮರಕ್ಕೆ
ಹೊಸದೊಂದು ಮೊಳೆ, ಅಷ್ಟೇ.

ಯಾವುದಾದರೂ ಸಂಖ್ಯೆ ಹೇಳು, ಎಂದ.
ನಲವತ್ತಾರು.
ಯಾಕೆ?
ನನ್ನ ವಯಸ್ಸು. ಪ್ರತಿ ವರ್ಷ ಬದಲಿಸಬೇಕೇನು?

ಒತ್ತಿದೊಡನೆ ಮನೆ ತನ್ನನ್ನೇ ಮರೆಯಿತು.
ಟಿವಿಯಲ್ಲಿ ಹಾಡುತ್ತಿದ್ದವನು ಬಾಯಿ ತೆರೆದೇ ನಿಂತ.
ಒಳಗಿನಿಂದ ಮದಾರಾ: ಅಮ್ಮಾ! ಏನು ಮಾಡಿದೆ?
ಒಂದು ನಿಮಿಷ ನಾವಿಬ್ಬರೂ
ವಿಳಾಸವಿಲ್ಲದ ಗೋಡೆಗಳ ನಡುವೆ ಕುಳಿತಿದ್ದೆವು,
ಕೆಟಲ್ ಮಾತ್ರ ತನ್ನ ಪಾಡಿಗೆ ಕುದಿಯುತ್ತಿತ್ತು.
ಆಮೇಲೆ ಒಂದೊಂದಾಗಿ,
ಸರತಿಯಲ್ಲಿ ನಿಂತು ಹೊಸ ಚೀಟಿ ಪಡೆದವರಂತೆ,
ಫೋನು, ಟಿವಿ, ಕೊನೆಗೆ ಗೊಣಗುತ್ತಾ ಆ ಪ್ರಿಂಟರು,
ಎಲ್ಲ ಮನೆಗೆ ಮರಳಿದವು.

ರಾತ್ರಿ ಹನ್ನೊಂದು ದಾಟಿದೆ. ಮತ್ತೆ ಬೀಗ ಹಸಿರು.
ಅಚ್ಚು ಹಾಕು, ಎಂದೆ.
ಫ್ರಿಜ್ಜಿನ ಮೇಲೆ ಸದ್ದಿಲ್ಲ.
ಆಚೆ ದಡ ಕತ್ತಲೆ. ಎಣಿಸಿದೆ,
ಹದಿನೇಳು, ಹದಿನೆಂಟು.

ಮೊದಲು ಟಾರ್ಚಿನ ಬೆಳಕೊಂದು
ಕಿಟಕಿಯಿಂದ ಕಿಟಕಿಗೆ ಅಳುಕುತ್ತಾ ಬಂತು.
ಆಮೇಲೆ ಎಡದಿಂದ ಮೂರನೆಯದು ಪೂರ್ತಿ ಹಳದಿ.
ಕಾವಲುಗಾರ ಯಾಜೆಪ್ಸ್ ಇರಬೇಕು,
ಬೆರಳುದ್ದದ ನೆರಳು, ತಲೆಯ ಮೇಲೆ ಉಣ್ಣೆ ಟೋಪಿ.
ಯಾರೂ ಇಲ್ಲದ ಕೋಣೆಯಲ್ಲಿ ತಾನಾಗಿ ಹುಟ್ಟಿದ ಹಾಳೆಗಳನ್ನು
ದೀಪಕ್ಕೆ ಹಿಡಿದು ನೋಡುತ್ತಿದ್ದಾನೆ,
ಅಥವಾ ಹಾಗೆಂದು ನನಗೆ ತೋರಿತು.
ಕಿಟಕಿಯ ಬಳಿ ಬಂದು ನಿಂತ.
ಕೈಯೆತ್ತಿದೆ. ಈ ದಡದ ಅರವತ್ತು ಕಿಟಕಿಗಳಲ್ಲಿ
ಒಂದು ಕೈ ಅವನಿಗೆ ಕಂಡಿತೋ ಇಲ್ಲವೋ.

ಬಂತಾ? ಎಂದ ಓಯಾರ್ಸ್, ಕಿವಿಯಲ್ಲಿ.
ಹೋಯಿತು, ಎಂದೆ.