ಹಳಿಯಲ್ಲಿ ಮರಳು

ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ ಬಾಗಿಲು, ಬೇಗ ಬಾ,
ಎಂದು ಫೋನು. ಸಂಜೆಗೆ ಬಿರುಗಾಳಿ ಬರುವುದಿತ್ತು.
ಆಕ್ಲೆಂಡಿನಿಂದ ಪಶ್ಚಿಮಕ್ಕೆ ಒಂದು ತಾಸು,
ಗುಡ್ಡದ ತಿರುವು ತಿರುವಿಗೂ ವ್ಯಾನಿನ ಹಿಂದೆ
ಉರುಳೆಗಳ ಡಬ್ಬಿ ಗಲಗಲ.

ಮನೆ ಎಂದರೆ ಮೂರು ಗೋಡೆ. ನಾಲ್ಕನೆಯದು
ಎಂಟು ಮೀಟರ್ ಗಾಜು; ಸರಿಸಿದರೆ ಅದೂ ಇಲ್ಲ.
ಒಳಗಿನ ಕಾಂಕ್ರೀಟು ನೆಲವೇ ಹೊರಗೂ ಹರಿದಿದೆ,
ಮನೆ ಎಲ್ಲಿ ಮುಗಿಯಿತೆಂದು ಅಂಗಾಲಿಗೆ ತಿಳಿಯಬಾರದಂತೆ.
ವಾಸ್ತುಶಿಲ್ಪಿ ಅಂದಿದ್ದನಂತೆ: ಹೊಸ್ತಿಲೇ ಬೇಡ.
ಹೊಸ್ತಿಲಿಲ್ಲದ್ದಕ್ಕೇ, ಮೇಡಂ, ಮರಳು ಬಂದಿದ್ದು
ಎಂದು ನಾನು ಹೇಳಲಿಲ್ಲ.
ಬಿಲ್ಲಿನಲ್ಲಿ ಹಾಕುವ ಮಾತಲ್ಲ ಅದು.

ಮಂಡಿಯೂರಿ ಹಳಿ ಕೆದಕಿದೆ.
ಕಪ್ಪು ಮರಳು, ಈ ಕರಾವಳಿಯದು,
ಅಯಸ್ಕಾಂತ ಹಿಡಿದರೆ ಮೀಸೆ ಬಿಡುವ ಮರಳು.
ಒಣಗಿದ ಜೇನುನೊಣ. ನೀಲಿ ಮಣಿ.
ಪೊಹುತುಕವಾ ಹೂವಿನ ಕೆಂಪು ಕೇಸರ, ಹೋದ ಕ್ರಿಸ್‌ಮಸ್ಸಿನದು.
ಅರ್ಧ ಬಾದಾಮಿ. ಯಾರದೋ ಉಗುರು.
ಆ ಮನೆಯಲ್ಲಿ ಒಳಗೂ ಹೊರಗೂ ನಿಜಕ್ಕೂ ಬೆರೆತದ್ದು
ಹನ್ನೆರಡು ಮಿಲಿಮೀಟರಿನ ಆ ಸೀಳಿನಲ್ಲಿ.

ಶ್ರೀಮತಿ ಪೆಥೆರಿಕ್ ಚಹಾ ತಂದು ಅಲ್ಲೇ ನೆಲಕ್ಕೆ ಕೂತರು.
ನಿಮ್ಮ ಕಡೆ ಮನೆಗಳು ಹೇಗಿರುತ್ತವೆ, ಸೇಫೋ?
ನಾನು ಹುಟ್ಟಿದ್ದು ಓಟಾರಾದಲ್ಲಿ, ಮೇಡಂ. ಸರ್ಕಾರಿ ಮನೆ,
ಬೂಷ್ಟು ಹಿಡಿದ ಗೋಡೆ, ಕಿಟಕಿಗೆ ಮೊಳೆ.
ಅವರು ಕೇಳಿದ್ದು ಅದಲ್ಲ ಎಂದು ಗೊತ್ತು.
ಸರಿ, ಸವಾಯಿ ದ್ವೀಪದಲ್ಲಿ ಅಜ್ಜಿಯ ಫಲೆ:
ಸುತ್ತ ಕಂಬ, ಮೇಲೆ ಮಾಡು. ಗೋಡೆ ಎಂಬುದೇ ಇಲ್ಲ.
ತೆಂಗಿನ ಗರಿಯ ತಟ್ಟಿ ಸೂರಿಗೆ ಕಟ್ಟಿರುತ್ತದೆ,
ಮಳೆ ಯಾವ ದಿಕ್ಕಿನಿಂದ ಬಂತೋ
ಆ ದಿಕ್ಕಿನದಷ್ಟೇ ಇಳಿಸುವುದು.

ಎಷ್ಟು ಸ್ವಾತಂತ್ರ್ಯ! ಅಂದರು.

ಹೂಂ. ಚಿಕ್ಕಪ್ಪ ಚಿಕ್ಕಮ್ಮ ಜಗಳವಾಡಿದರೆ ಊರಿಗೆಲ್ಲ ಗೊತ್ತು.
ಯಾರ ಒಲೆಯ ಮೇಲೆ ಇವತ್ತು ಮೀನಿಲ್ಲ ಎಂಬುದೂ.
ಅಳುವುದಿದ್ದರೆ ಅಜ್ಜಿ
ಸ್ನಾನಕ್ಕೆಂದು ಸಮುದ್ರಕ್ಕೆ ಇಳಿಯುತ್ತಿದ್ದಳು.
ಇಲ್ಲಿ ಎಂಟು ಮೀಟರ್ ತೆರೆದಿಟ್ಟರೂ
ಹಾದುಹೋಗುವವರಿಲ್ಲ; ಬೆಲೆ ಇರುವುದು ಅದಕ್ಕೆ.
ಇದನ್ನೂ ನಾನು ಹೇಳಲಿಲ್ಲ. ಚಹಾ ಚೆನ್ನಾಗಿತ್ತು.

ಮೂರು ತಾಸು. ಎರಡು ಉರುಳೆ ಹೊಸದು, ಒಂದಿಷ್ಟು ಎಣ್ಣೆ.
ಹೊರಗಿನ ದೊಡ್ಡ ಕೊಡೆ ಗಾಳಿಗೆ ಉರುಳುವ ಹೊತ್ತಿಗೆ
ಒಂದೇ ಬೆರಳಿಗೆ ಸರಿದು ಬಂತು ಬಾಗಿಲು,
ನಾಲ್ಕುನೂರು ಕಿಲೊ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಚಿಲಕ, ಟಕ್.
ಕಡಲಿನ ಸದ್ದು ತುಂಡಾಗಿ ಆಚೆ ಬಿತ್ತು.

ಆಗ ಕೇಳಿತು, ಚೀಕ್ ಚೀಕ್.
ಬೀಸಣಿಗೆ ಬಾಲದ ಪುಟಾಣಿ, ಪಿವಾಕವಾಕಾ,
ಪುಸ್ತಕದ ಕಪಾಟಿನ ಮೇಲೆ, ಬಾಡಿಗೆ ಕೊಟ್ಟವರ ಗತ್ತು.
ಅದು ಮನೆ ಹೊಕ್ಕರೆ ಸಾವಿನ ಸುದ್ದಿ ಎನ್ನುತ್ತಾರೆ
ಇಲ್ಲಿನ ಮಾವೊರಿ ಹಿರಿಯರು.
ಶ್ರೀಮತಿ ಪೆಥೆರಿಕ್ ಲೋಟ ಕೆಳಗಿಟ್ಟರು. ಒಳಗೆ ಬಂದುಬಿಟ್ಟಿದೆ, ಅಂದರು.
ಇದು ಒಳಗು ಎಂದು ಅದಕ್ಕೆ ಯಾರು ಹೇಳಿದ್ದರು,
ಹೊಸ್ತಿಲೇ ಇರಲಿಲ್ಲವಲ್ಲ.

ಮತ್ತೆ ತೆರೆದೆ. ಪೂರಾ ಎಂಟು ಮೀಟರ್.
ಗಾಳಿ ನುಗ್ಗಿತು, ಮೇಜಿನ ಕಾಗದಗಳೆಲ್ಲ ಎದ್ದವು.
ಇಬ್ಬರೂ ಹಿಂದಿನ ಗೋಡೆಗೆ ಬೆನ್ನು ಕೊಟ್ಟು
ಉಸಿರು ಸಣ್ಣಗೆ ಮಾಡಿ ಕೂತೆವು.
ಹಕ್ಕಿ ದೀಪದ ತಂತಿಗೆ ಹಾರಿತು,
ಅಲ್ಲಿಂದ ನನ್ನ ಹತಾರದ ಪೆಟ್ಟಿಗೆಗೆ,
ಅಲ್ಲಿಂದ ಮತ್ತೆ ಕಪಾಟಿಗೆ.

ಗುಡಿಸಿಟ್ಟ ಹಳಿಯೊಳಗೆ ಮರಳು ಬೀಳುವುದು
ನನಗೆ ಕೇಳುತ್ತಿತ್ತು.