ತೇವದ ಮರಳು

ಝುವಾರಿನಗರದ ಇಳಿಜಾರಿನಲ್ಲಿ ನನ್ನದೊಂದು ಕಾಟಾ.
ಲಾರಿ ತುಂಬಿ ಬಂದಾಗ ಒಂದು ಚೀಟಿ, ಖಾಲಿಯಾದಾಗ ಇನ್ನೊಂದು,
ಕಳೆದು ಉಳಿದದ್ದೇ ಮಾಲು.
ಹತ್ತೊಂಬತ್ತು ವರ್ಷದಲ್ಲಿ ಕಲಿತದ್ದು ಇಷ್ಟೇ:
ಮರಳಿಗೆ ನೀರು ಹೊಡೆದು ತರುವವನು
ಮುಳ್ಳಿನ ಕಡೆ ನೋಡುವುದಿಲ್ಲ.

ಕಸ್ತೂರಿ ಅಡುಗೆ ಮಾಡುವ ಮನೆಯ ಎರ್ಮೆಲಿಂಡಾ ಬಾಯಿ
ತನಗೆ ಒಗ್ಗಲಿಲ್ಲವೆಂದು ಕೊಟ್ಟಿದ್ದಳು
ಸೀಲು ಒಡೆಯದ ಪೆನ್ನು. ಬರೆಯುವುದಲ್ಲ,
ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವುದು.
ಫ್ರಿಜ್ಜಿನಲ್ಲಿ ಮೊಸರಿನ ಗಡಿಗೆಯ ಪಕ್ಕ
ಅದು ದೇವರಂತೆ ತಣ್ಣಗಿತ್ತು.

ಲಾರಿಗಳಿಲ್ಲದ ಮಧ್ಯಾಹ್ನ ಅವಳೂ ಕಾಟಾ ಹತ್ತಿದಳು.
ಹತ್ತು ಕಿಲೋ ಒಳಗಿನದು ಅದರ ಲೆಕ್ಕಕ್ಕಿಲ್ಲ.
ಎಂಬತ್ತು ಇದ್ದದ್ದು ಎಪ್ಪತ್ತಾದ ದಿನ
ಚೀಟಿ ಹೊಡೆದು ಕೊಟ್ಟೆ,
ಗಾಡಿ ನಂಬರಿನ ಜಾಗದಲ್ಲಿ: ಕಸ್ತೂರಿ.
ನಕ್ಕು ಸೆರಗಿಗೆ ಕಟ್ಟಿಕೊಂಡಳು.

ಮೇ ತಿಂಗಳು. ಮೂರು ದಿನ ವಾಂತಿ.
"ನೀರ್ ಕುಡದ್ರೂ ನಿಲ್ಲವಲ್ದು," ಅಂದಳು,
ಮಂಡಿನೋವಿನ ಗುಳಿಗೆ ಮಾತ್ರ ಬಿಡಲಿಲ್ಲ.
ಉಚ್ಚೆ ಹಾಲಿಲ್ಲದ ಚಹದ ಬಣ್ಣ, ಆಮೇಲೆ
ಅದೂ ಇಲ್ಲ.

ಚಿಕಲಿ ಆಸ್ಪತ್ರೆಯ ಡಾಕ್ಟರಮ್ಮ ಕೇಸ್‌ಪೇಪರಿನ ಹಿಂದೆ
ಎರಡು ಗೇರುಬೀಜ ಬರೆದಳು.
ಒಂದೊಂದರಲ್ಲೂ ಅರ್ಧಕ್ಕೆ ಗೀಟು ಎಳೆದು,
"ಇಷ್ಟನ್ನು ಬಿಪಿ ಮೊದಲೇ ತಿಂದಿತ್ತು.
ಸೂಜಿಯೊಂದರದೇ ತಪ್ಪಲ್ಲ, ಕೆಲವರಿಗೆ ನಾನೇ ಬರೆಯುತ್ತೇನೆ,
ರಕ್ತ ನೋಡಿ, ಸಣ್ಣದರಿಂದ ಶುರುಮಾಡಿ.
ಇವರ ರಕ್ತ ಯಾರು ನೋಡಿದ್ರು?"

ಯಾರೂ ಇಲ್ಲ. ನಾನು ತೂಕ ನೋಡಿದ್ದೆ.
ಕ್ರಿಯಾಟಿನಿನ್ ಮೂರೂವರೆ ಅಂತಿತ್ತು ಕಾಗದ,
ಟನ್ನುಗಳನ್ನು ಓದುವ ಕಣ್ಣಿಗೆ
ಮೂರೂವರೆ ಅಂದರೆ ಏನೂ ಅಲ್ಲ.
ನೀರು ಸೋರಿದ ಮರಳನ್ನು
ಹಗುರಾಯಿತೆಂದು ಚೀಟಿ ಹರಿದುಕೊಟ್ಟವನು,
ಅದೂ ಸ್ವಂತ ಮನೆಯ ಗಾಡಿಗೆ.

ನರ್ಸ್ ಗೆರೆಗಳಿದ್ದ ಡಬ್ಬಿ ಕೈಗಿಟ್ಟು,
ಒಳಗೆ ಹೋದದ್ದು, ಹೊರಗೆ ಬಂದದ್ದು
ಎರಡನ್ನೂ ಬರೆದಿಡು ಅಂದಳು.
ನನಗೇ ಹೇಳಿದಳಲ್ಲ.

ಕಾಗದ ಹುಡುಕಿದೆ. ಸೆರಗಿನ ಗಂಟಿನಲ್ಲಿ ಚೀಟಿ ಸಿಕ್ಕಿತು,
ಅದರ ಬೆನ್ನಿಗೇ ಬರೆದೆ.
ಸಂಜೆ: ಒಳಗೆ ಆರುನೂರು, ಹೊರಗೆ ನಲವತ್ತು.
ನಡುರಾತ್ರಿ: ಒಳಗೆ ಸಾವಿರ, ಹೊರಗೆ ಅರವತ್ತು.
ಕಳೆಯಲು ಧೈರ್ಯವಾಗಲಿಲ್ಲ.

ನಸುಕಿಗೆ ವಿಮಾನವೊಂದು ಕಿಟಕಿ ಅದುರಿಸಿ ಇಳಿಯಿತು.
"ಏನ್ ಅಷ್ಟ್ ನೋಡ್ತೀ, ಚೆಲ್ಲಿ ಬಾ," ಅಂತ ಬೈದಳು ಕಸ್ತೂರಿ.
ನಾನಿನ್ನೂ ಡಬ್ಬಿಯನ್ನು
ದೀಪಕ್ಕೆ ಹಿಡಿದೇ ನಿಂತಿದ್ದೆ: ನೂರ ಎಂಬತ್ತು.